ಗೊಮ್ಮಟಸಾರದಲ್ಲಿ ಕೀಟಗಳ ಇಂದ್ರಿಯಗಣನೆ

ಹಾಸನ ಸೀಮೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳ್ಗೊಳವನ್ನು ಶಾಸನ ಶಿಲ್ಪಗಳ ದೃಷ್ಟಿಯಿಂದ ನೋಡುವುದು ವಿದ್ವಾಂಸರಲ್ಲಿ ರೂಢಿಯಾಗಿದೆ. ಆ ಕ್ಷೇತ್ರದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ನಿಮಿತ್ತವಾಗಿ 10ನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರದೊಳಗೆ ಇರುವೆ ದುಂಬಿಗಳ ಇಂದ್ರಿಯಶಕ್ತಿಯ ಅಳತೆಯೇ ಉಂಟು. ಕೇಶವವರ್ಣಿಯು 1359ರಲ್ಲಿ ಇದಕ್ಕೆ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು.

ಹುಳುವಿಗೆ ಸ್ಪರ್ಶ ರಸನೆಗಳೆರಡು, ಇರುವೆಗೆ ಘ್ರಾಣವೂ ಸೇರಿ ಮೂರು, ದುಂಬಿಗೆ ಕಣ್ಣೂ ಸೇರಿ ನಾಲ್ಕು ಎಂಬ ಕ್ರಮವು ಉಮಾಸ್ವಾಮಿಯ ತತ್ತ್ವಾರ್ಥಸೂತ್ರದಲ್ಲಿಯೇ ಇದೆ. ನೇಮಿಚಂದ್ರನು ಇಂದ್ರಿಯಗಳ ವಿಷಯಕ್ಷೇತ್ರವನ್ನೂ ಹೇಳುತ್ತಾನೆ. ತ್ರೀಂದ್ರಿಯಗಳಿಗೆ ವಾಸನೆ ಎಟಕುವುದು 100 ಧನುಸ್ಸಿನವರೆಗೆ, ಅಂದರೆ 400 ಮೊಳ. ಚತುರಿಂದ್ರಿಯಗಳಿಗೆ ಅದರ ಇಮ್ಮಡಿ. ದುಂಬಿಯ ವರ್ಗಕ್ಕೆ ದೃಷ್ಟಿಯ ಮೇರೆಯಾದರೋ 2954 ಯೋಜನ!

ಇದರಲ್ಲಿ ಆಧುನಿಕ ವಿಜ್ಞಾನವೆಲ್ಲ ಅಡಗಿದೆಯೆಂದು ಹಿಗ್ಗುವವರೂ ಬರಿಯ ಕಲ್ಪನೆಯೆಂದು ತಳ್ಳುವವರೂ ಉಂಟು. ಇಬ್ಬರೂ ಅವಸರಪಡುತ್ತಾರೆಂದು ನನಗೆ ತೋರುತ್ತದೆ. ಮೇಲಿನ ವರ್ಗಕ್ಕೆ ಇಮ್ಮಡಿ, ಅದಕ್ಕೂ ಮೇಲಿನದಕ್ಕೆ ಮತ್ತೆ ಇಮ್ಮಡಿ ಎಂಬ ಲೆಕ್ಕವು ಗಣಿತದ ಅಚ್ಚುಕಟ್ಟಿನಿಂದ ಬಂದದ್ದೇ ಹೊರತು ಅಳೆದು ಬಂದದ್ದಲ್ಲ. ಆದರೆ ಇರುವೆಗೆ ಮೂಗೇ ಮುಖ್ಯವೆಂಬುದು ಕಂಡು ಹೇಳಿದ ಮಾತು. ಸಾಲಿನ ನಡುವೆ ಬೆರಳಿನಿಂದ ಒರಸಿದರೆ ಅವು ದಾರಿತಪ್ಪಿ ಅಲೆಯುವುದನ್ನು ಮಕ್ಕಳೂ ಬಲ್ಲರು. ಜೇನುನೊಣವು ಬಣ್ಣಗಳನ್ನು ಗುರುತಿಸುವುದೆಂದು ಕಾರ್ಲ್ ಫಾನ್ ಫ್ರಿಶ್ ಪ್ರಯೋಗಗಳಿಂದ ತೋರಿಸಿ 1914ರಲ್ಲಿ ಪ್ರಕಟಿಸಿದನು. ನಮಗೆ ಕಾಣದ ಅತಿನೇರಳೆ ಅದಕ್ಕೆ ಕಾಣುತ್ತದೆ, ನಮಗೆ ಕಾಣುವ ಕೆಂಪು ಅದಕ್ಕೆ ಕಾಣದು. ದೂರದ ಆಕಾರಗಳು ಅದಕ್ಕೆ ಮಸುಕು. ಆದರೂ ಸೂರ್ಯನ ನೆಲೆಯಿಂದ ದಿಕ್ಕನ್ನರಿತು ಹಾರುತ್ತದೆ. ಯೋಜನದ ಸಂಖ್ಯೆಗೆ ಇದು ಸಮರ್ಥನೆಯಲ್ಲವಾದರೂ ನಗುವ ಮುನ್ನ ನೆನೆಯತಕ್ಕದ್ದು.

ಗಣನೆ ನಿಜವಾಗಿ ಎಡವಿದ್ದು ಕಿವಿಯಲ್ಲಿ. ಅರಕಲಗೂಡು, ಹೊಳೆನರಸೀಪುರದ ಗದ್ದೆಬಯಲುಗಳಲ್ಲಿ ಇರುಳೆಲ್ಲ ಚಿರಗುಟ್ಟುವ ಜೀರುಂಡೆ ಯಾರಿಗಾಗಿ ಕೂಗೀತು? ಅದರ ಕಿವಿ ಮುಂಗಾಲಿನಲ್ಲಿದೆ. ಮಿಡಿತೆಯದು ಹೊಟ್ಟೆಯ ಪಕ್ಕದಲ್ಲಿದೆ. ತಲೆಯಲ್ಲಿಯೇ ಕಿವಿಯನ್ನು ಹುಡುಕಿದವರಿಗೆ ಇದು ಸಿಕ್ಕದೆ ಹೋದದ್ದು ಸಹಜ.

ಇಷ್ಟಾಗಿಯೂ ಆ ಶಾಸ್ತ್ರಕಾರರಿಗೆ ಗಣನೆಯ ಪ್ರಯೋಜನ ಬೇರೆಯೇ ಆಗಿತ್ತು. ಎರಡು ಇಂದ್ರಿಯಗಳಿಂದ ಮೇಲಿನವೆಲ್ಲ ತ್ರಸಜೀವಗಳು. ಅವುಗಳ ಸಂಕಲ್ಪಹಿಂಸೆ ಗೃಹಸ್ಥನಿಗೂ ನಿಷಿದ್ಧ. ನಮ್ಮ ಜೈನಕವಿಗಳ ವನವರ್ಣನೆಯಲ್ಲಿ ಮಕರಂದಕ್ಕೆರಗುವ ದುಂಬಿಯನ್ನು ಪಾಠಹೇಳುವ ಅಧ್ಯಾಪಕರು, ಅದೇ ಕವಿಗಳ ಧರ್ಮದಲ್ಲಿ ಶ್ರಾವಕನು ಮದ್ಯಮಾಂಸಗಳೊಡನೆ ಜೇನುತುಪ್ಪವನ್ನೂ ಬಿಡತಕ್ಕದ್ದೆಂಬ ವಿಧಿಯಿರುವುದನ್ನು ಜತೆಯಲ್ಲಿಯೇ ಹೇಳುವುದು ಉಚಿತ.