ಕೀಲಿಕೈ ಟ್ರಂಕಿನ್ಯಾಗ

2025ರ ದೀಪಾವಳಿ ಹೊತ್ತಿನ ಮಾತಿದು. ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು. ನಮ್ಮನಿ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಬೇಕಂದ್ರ ಅದರಾಗ ಟಿಪಿಎಮ್ 2.0 ಇರಬೇಕು, ನಮ್ಮದರಾಗ ಇಲ್ಲ. ನನ್ನ ಹೆಂಡತಿ "ಹೊಸಾದು ತೊಗೊಳ್ರಿ" ಅಂದ್ಲು. "ಇನ್ನೂ ಛಲೋ ನಡದದಲ್ಲ" ಅಂದೆ. ನಡಕ ಮಗಳು ಬಂದು "ಅಪ್ಪಾ, ಲಿನಕ್ಸ್ ಹಾಕೋಣು" ಅಂದ್ಲು.

ಲಿನಕ್ಸ್ ಅಂದಕೂಡ್ಲೆ ನನ್ನ ಎದಿ ಝಲ್ ಅಂತು. ಯಾಕಂದ್ರ 2006ರಾಗ ಇದ ಕೆಲಸಾ ಮಾಡಿ ಐದ ದಿವಸ ಮನಿ ಮಂದಿ ಕಡೆ ಬೈಸಿಕೊಂಡಂವ ನಾ.

ಆವಾಗ ನಾವು ಹುಬ್ಬಳ್ಳ್ಯಾಗ ಹಳೇ ಮನ್ಯಾಗ ಇದ್ವಿ. ಜೋಡಿಸಿದ್ದ ಕಂಪ್ಯೂಟರ್, ಅದರ ಹೊಟ್ಟ್ಯಾಗ ಒಂದು ಮೋಡೆಮ್ ಕಾರ್ಡು, ಫೋನಿನ ವಾಯರ್ ಅದಕ್ಕ ಚುಚ್ಚಿ ಡೈಲ್ ಮಾಡೋದು. ಕಿರ್ರ್ ಅಂತ ಒದರಿ ಒಂದ ಸಲಾ ಕನೆಕ್ಟ್ ಆತಂದ್ರ ಮನಿ ಫೋನ್ ಎಂಗೇಜ್. ಅಷ್ಟಾದ್ರೂ ಅಮೆರಿಕಾದಾಗಿದ್ದ ನಮ್ಮಣ್ಣನ ಮೇಲ್ ಬರ್ತಿತ್ತು, ಅವ್ವಗ ಅಷ್ಟ ಸಾಕಾಗಿತ್ತು.

ಆ ವರ್ಷ ಉಬುಂಟು ಅನ್ನೋ ಲಿನಕ್ಸಿನ ಸಿಡಿ ಬೇಕು ಅಂತ ಕೇಳಿದವರಿಗೆಲ್ಲಾ ಅವರ ಪುಕ್ಕಟ ಪೋಸ್ಟಿನ್ಯಾಗ ಕಳಸ್ತಿದ್ರು. ಉಬುಂಟು 2004ರಾಗ ಶುರು ಆದದ್ದು, ಸಿಡಿ ಕಳಸೋದು 2011ರ ತನಕಾ ನಡೀತು. ನನಗೂ ಒಂದು ಬಂತು. ಪುಕ್ಕಟ ಬಂದದ್ದನ್ನ ಸುಮ್ನ ಇಡಲಿಕ್ಕೆ ಮನಸ್ಸ ಆಗ್ತದೇನ್ರಿ? ಒಂದ ಶುಕ್ರವಾರ ರಾತ್ರಿ ವಿಂಡೋಸ್ ಪೂರ್ತಿ ಅಳಿಸಿ ಅದನ್ನ ಹಾಕಿದೆ. ಪರದೆ ಛಂದ ಬಂತು, ಹಾಡೂ ಬಂತು. ನೆಟ್ ಬರಲಿಲ್ಲ.

ಮುಂಜಾನೆ ಅಣ್ಣಂದು ಫೋನು. "ಗಂಡಮಗಾ ಆಗ್ಯಾನ! ಫೋಟೋ ಮೇಲ್ ಮಾಡೇನಿ, ಅಜ್ಜಿಗೆ ತೋರಸ್ರಿ."

ಅಜ್ಜಿಗೆ ಆವಾಗ ಎಂಬತ್ತೆಂಟು. ಹಾಸಿಗಿ ಹಿಡದು ಮೂರ ತಿಂಗಳಾಗಿತ್ತು. ಮರಿಮೊಮ್ಮಗನ ಮಾರಿ ನೋಡಿದವರಿಗೆ ಕನಕಾಭಿಷೇಕ ಮಾಡೋ ಪದ್ಧತಿ ನಮ್ಮ ಕಡೆ. ಅಕಿ ಅದಕ್ಕಂತನ ಜೀವಾ ಹಿಡಕೊಂಡಾಳ ಅಂತ ಅವ್ವ ಅಂತಿದ್ಲು. ಫೋಟೋ ಬಂದದ, ನೋಡಲಿಕ್ಕೆ ದಾರಿ ಇಲ್ಲ. ವಿಂಡೋಸ್ ತಿರಗಿ ಹಾಕಬೇಕಂದ್ರ ಅದರ ಸಿಡಿ ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗನ ಹತ್ರ, ಅಂವ ಊರಿಗೆ ಹೋಗಿದ್ದ.

ಹಿಂಗ್ಯಾಕ ಆತು ಅನ್ನೋದು ತಿಳೀಬೇಕಂದ್ರ ಮೋಡೆಮ್ಮಿನ ಕಥಿ ಸ್ವಲ್ಪ ಕೇಳಬೇಕ್ರಿ. ಕಂಪ್ಯೂಟರಿನ ಮಾತನ್ನ ಫೋನಿನ ತಂತ್ಯಾಗ ಹೋಗೋ ದನಿ ಮಾಡೋದು, ಬಂದ ದನಿಯನ್ನ ತಿರಗಿ ಕಂಪ್ಯೂಟರಿನ ಮಾತ ಮಾಡೋದು, ಇದ ಮೋಡೆಮ್ಮಿನ ಕೆಲಸ. 1981ರಾಗ ಅಮೆರಿಕಾದ ಹೇಯ್ಸ್ ಕಂಪನಿ ಸ್ಮಾರ್ಟ್‌ಮೋಡೆಮ್ ಅಂತ ಒಂದು ಡಬ್ಬಿ ತಂತು. ಓಟ ಸೆಕೆಂಡಿಗೆ ಬರೇ 300 ಬಿಟ್. ಆದ್ರ ಅದಕ್ಕ ತನ್ನ ಸ್ವಂತದ ಬುದ್ಧಿ ಇತ್ತು. ಕಂಪ್ಯೂಟರ್ "ಎಟಿಡಿಟಿ" ಅಂತ ನಾಲ್ಕ ಅಕ್ಷರ, ಮುಂದ ನಂಬರು ಕಳಿಸಿದ್ರ ಮುಗೀತು, ಡೈಲ್ ಮಾಡೋದು ಆ ಕಡೆ ಮಾತಾಡೋದು ಎಲ್ಲಾ ಡಬ್ಬಿದ ಜವಾಬ್ದಾರಿ. ಕಂಪ್ಯೂಟರಿನ್ಯಾಗ ಯಾವ ಆಪರೇಟಿಂಗ್ ಸಿಸ್ಟಮ್ ಅದ ಅಂತ ಅದು ಕೇಳ್ತಿದ್ದಿಲ್ಲ.

ಮುಂದ ತೊಂಬತ್ತರ ದಶಕದ ನಡಕ ಮೋಡೆಮ್ ಸೋವಿ ಮಾಡಬೇಕಂತ ಒಂದು ಯುಕ್ತಿ ಮಾಡಿದ್ರು. ಡಬ್ಬಿ ಒಳಗಿನ ಬುದ್ಧಿ ತಗದು, ಆ ಕೆಲಸಾ ಕಂಪ್ಯೂಟರಿನ ಪ್ರೊಸೆಸರಿಗೇ ಹಚ್ಚಿದ್ರು. ಉಳದದ್ದು ಒಂದು ಸಣ್ಣ ಕಾರ್ಡು, ಕೆಲಸಾ ಮಾಡೋದು ಡ್ರೈವರ್ ಅನ್ನೋ ಸಾಫ್ಟ್‌ವೇರು. ಆ ಡ್ರೈವರ್ ಬಹುತೇಕ ವಿಂಡೋಸಿಗಷ್ಟ ಬರೀತಿದ್ರು, ಅದಕ್ಕ ಇದಕ್ಕ ವಿನ್‌ಮೋಡೆಮ್ ಅಂತ ಹೆಸರ ಬಿತ್ತು. ನನ್ನ ಕಾರ್ಡೂ ಇದ ಜಾತಿದು. ವಿಂಡೋಸ್ ಅಳಿಸಿದಾಗ ನಾ ಮೋಡೆಮ್ಮಿನ ತಲೀನೂ ಅಳಿಸಿದ್ದೆ.

ಲಿನಕ್ಸಿಗೆ ಡ್ರೈವರ್ ಇರಲಿಲ್ಲೇನು? ಕೆಲವು ಚಿಪ್ಪಿಗೆ ಇತ್ತು, ನೆಟ್‌ನ್ಯಾಗ ಇತ್ತು. ನೆಟ್ ಬರಬೇಕಂದ್ರ ಡ್ರೈವರ್ ಬೇಕು, ಡ್ರೈವರ್ ಬೇಕಂದ್ರ ನೆಟ್ ಬೇಕು. ಕೀಲಿಕೈ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿಧಂಗ ಆತು.

ಇದು ಲಿನಕ್ಸಿನವರ ಒಬ್ಬರ ಹಣೇಬರಾ ಅಂತನೂ ಅಲ್ಲ ಮತ್ತ. ವಿಂಡೋಸ್ 3.1ಕ್ಕ ಇಂಟರ್‌ನೆಟ್ ಭಾಷಾನ ಬರ್ತಿದ್ದಿಲ್ಲ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಾಗಿನ ಪೀಟರ್ ಟ್ಯಾಟಮ್ ಅನ್ನಾಂವ ಟ್ರಂಪೆಟ್ ವಿನ್‌ಸಾಕ್ ಅಂತ ಬರದು ಅದಕ್ಕ ಮಾತ ಕಲಿಸಿದ. ಜಗತ್ತಿನ ಮಂದಿ ಬಳಸಿದ್ರು, ಭಾಳ ಮಂದಿ ರೊಕ್ಕಾ ಮಾತ್ರ ಕೊಡಲಿಲ್ಲ. ನಮ್ಮ ದೇಶದಾಗ ವಿಎಸ್‌ಎನ್‌ಎಲ್‌ನವರು ಜನರಿಗೆ ಇಂಟರ್‌ನೆಟ್ ಕೊಡಲಿಕ್ಕೆ ಶುರು ಮಾಡಿದ್ದು 1995ರ ಆಗಸ್ಟ್ 15ಕ್ಕ. ಒಂಬತ್ತ ದಿವಸಕ್ಕ, ಆಗಸ್ಟ್ 24ಕ್ಕ, ವಿಂಡೋಸ್ 95 ಬಂತು, ಅದರಾಗ ಆ ಭಾಷಾ ಮೊದಲ ತುಂಬಿ ಕೊಟ್ಟಿದ್ರು. ಹಿಂಗಾಗಿ ನಮ್ಮ ಪೈಕಿ ಬಹಳ ಮಂದಿಗೆ ಹಿಂದಿನ ಗೋಳ ಗೊತ್ತಾಗಲೇ ಇಲ್ಲ. ನೆಟ್ ಅಂದ್ರ ಕಂಪ್ಯೂಟರ್ ಜೋಡಿ ತಾನಾಗೇ ಬರೂದು ಅಂತ ತಿಳಕೊಂಡ್ವಿ. ನಾನೂ ಹಂಗ ತಿಳಕೊಂಡಿದ್ದೆ.

ಶನಿವಾರ ಇಡೀ ದಿವಸ "ಇನ್ನೊಂದ ತಾಸಿನ್ಯಾಗ ಆಗ್ತದ" ಅನಕೋತ ಕೂತೆ. ರವಿವಾರ ಸೈಬರ್ ಕೆಫೆ ಬಂದ್. ಅವ್ವ ಮಾತ ಬಿಟ್ಲು. ನನ್ನ ಮದಿವ್ಯಾಗಿ ಆರ ತಿಂಗಳಾಗಿತ್ತು, ಹೊಸಾ ಹೆಂಡತಿ ಎದುರಿಗೆ ಅಪ್ಪ "ಇದ್ದದ್ದ ಕೆಡಸೋದಕ್ಕ ಇಂಜಿನಿಯರ್ ಆಗಬೇಕಿತ್ತೇನು?" ಅಂದಾ. ಒಳಗಿಂದ ಅಜ್ಜಿ ಮಾತ್ರ "ಬಂತೇನೋ ಕೂಸು?" ಅಂತ ಕೇಳತಿದ್ಲು.

ಸೋಮವಾರ ಮುಂಜಾನೆ ಕೆಫೆಗೆ ಓಡಿ ಫೋಟೋ ಪ್ರಿಂಟ್ ತಗಸಿದೆ. ಪ್ರಿಂಟರಿನ್ಯಾಗ ಕೆಂಪು, ಹಳದಿ ಶಾಯಿ ಮುಗದಿದ್ವು, ಕೂಸು ನೀಲಿ ಬಂತು. ಅಜ್ಜಿ ಕಣ್ಣಿನ ಹತ್ರ ಹಿಡದು ಭಾಳೊತ್ತು ನೋಡಿದ್ಲು. "ಥೇಟ ಕೃಷ್ಣ ಇದ್ದಂಗ ಇದ್ದಾನ" ಅಂದ್ಲು. ಯಾರೂ ಶಾಯಿ ವಿಷಯ ತಗೀಲಿಲ್ಲ.

ಡ್ರೈವರ್ರೂ ಇಳಿಸಿಕೊಂಡು ಬಂದಿದ್ದೆ. ಮನಿಗೆ ಬಂದು ಹಾಕಿದ್ರ, ಇದನ್ನ ನಿನ್ನ ಲಿನಕ್ಸಿಗೆ ಸರಿಯಾಗಿ ಕಟ್ಟಲಿಕ್ಕೆ ಇನ್ನೂ ಬ್ಯಾರೆ ಸಾಮಾನು ಬೇಕು ಅಂತು. ಎರಡ ದಿವಸ ಕೆಫೆಗೆ ಎಡತಾಕಿದೆ. ಬುಧವಾರ ಎದುರುಮನಿ ಕಾಕಾ "ನಂದೊಂದು ಹಳೇದು ಅಟ್ಟದ ಮ್ಯಾಲೆ ಬಿದ್ದದ ನೋಡಪಾ" ಅಂತ ಧೂಳ ಝಾಡಿಸಿ ಒಂದು ಡಬ್ಬಿ ಕೊಟ್ರು. ಹೊರಗಿಡೋ ಮೋಡೆಮ್, ಮಾರಿ ಮ್ಯಾಲೆ ಕೆಂಪು ದೀಪಾ, ಹಿಂದ ಸೀರಿಯಲ್ ಕೇಬಲ್. ಚುಚ್ಚಿದೆ. ಡ್ರೈವರ್ ಕೇಳಲಿಲ್ಲ ಏನ ಕೇಳಲಿಲ್ಲ. ಲಿನಕ್ಸ್ ಹಳೇ "ಎಟಿ" ಮಾತಿನ್ಯಾಗ ಮಾತಾಡಿಸ್ತು, ಡಬ್ಬಿ ಕಿರ್ರ್ ಅಂತು, ನೆಟ್ ಬಂತು. ಅಟ್ಟ ಸೇರಿದ್ದ ಮುದುಕ ಮೋಡೆಮ್ಮಿಗೆ ತನ್ನ ಬುದ್ಧಿ ತನ್ನ ಹತ್ರ ಇತ್ತು, ಹೊಸಾದಕ್ಕ ಇರಲಿಲ್ಲ. ಇಡೀ ಕಥೀ ಇಷ್ಟ ನೋಡ್ರಿ.

ಮುಂದಿನ ವರ್ಷ ಬ್ರಾಡ್‌ಬ್ಯಾಂಡ್ ಹಾಕಿಸಿದ್ವಿ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದದ್ದು 2005ರ ಜನವರ್ಯಾಗ. ಆ ಮೋಡೆಮ್ಮಿಗೆ ಯುಎಸ್‌ಬಿನೂ ಇತ್ತು, ಈಥರ್ನೆಟ್ಟೂ ಇತ್ತು. ಯುಎಸ್‌ಬಿ ಹಚ್ಚಿದ್ರ ಮತ್ತ ಡ್ರೈವರ್ ಕೇಳತಿತ್ತು, ಈಥರ್ನೆಟ್ ವಾಯರ್ ಹಚ್ಚಿ ಹೆಸರು ಪಾಸ್‌ವರ್ಡ್ ಮೋಡೆಮ್ಮಿನೊಳಗ ಬರದ ಇಟ್ರ ಕಂಪ್ಯೂಟರಿಗೆ ಏನೂ ಗೊತ್ತಿರಬೇಕಾಗಿದ್ದಿಲ್ಲ. ಬುದ್ಧಿ ತಿರಗಿ ಡಬ್ಬಿಗೆ ಬಂದಿತ್ತು.

ಈಗ ಮತ್ತ ದೀಪಾವಳಿಗೆ ಬರ್ತೇನಿ. ಮಗಳು ಲಿನಕ್ಸ್ ಹಾಕಿದ್ಲು. ವೈಫೈ ಬರಲಿಲ್ಲ! ಅದರ ಚಿಪ್ಪಿನ ಡ್ರೈವರ್ ಬ್ಯಾರೆ ಇಳಿಸಬೇಕಂತ. ನಾ "ನೋಡು, ಕೀಲಿಕೈ ಟ್ರಂಕಿನ್ಯಾಗ" ಅಂತ ಶುರು ಮಾಡೋದ್ರಾಗ ಅಕಿ ತನ್ನ ಮೊಬೈಲು ಚಾರ್ಜರ್ ವಾಯರಿನಿಂದ ಲ್ಯಾಪ್‌ಟಾಪಿಗೆ ಹಚ್ಚಿ, ಯುಎಸ್‌ಬಿ ಟೆದರಿಂಗ್ ಒತ್ತಿದ್ಲು. ಒಂದ ನಿಮಿಷಕ್ಕ ನೆಟ್ ಬಂತು, ಡ್ರೈವರ್ ಇಳೀತು, ವೈಫೈ ಬಂತು. "ಅಷ್ಟ ಅಪ್ಪಾ" ಅಂದ್ಲು. ಅದಕ್ಕ ಹೇಳತೇನಿ, ಹಳೇದು ಅಳಿಸೋಕಿಂತ ಮೊದ್ಲ ನೆಟ್ಟಿಗೆ ಇನ್ನೊಂದು ದಾರಿ ಕೈಯಾಗ ಇಟ್ಕೊಳ್ರಿ. ಮೊಬೈಲ್ ವಾಯರ್ ಆದ್ರೂ ಸೈ, ಈಥರ್ನೆಟ್ ವಾಯರ್ ಆದ್ರೂ ಸೈ.

ಅಜ್ಜಿ ಆ ಫೋಟೋ ನೋಡಿ ಒಂದ ತಿಂಗಳಿಗೆ ಹೋದ್ಲು. ಕನಕಾಭಿಷೇಕ ಆಗಲಿಲ್ಲ. ಅಣ್ಣ ಕೂಸಿನ್ನ ಕರಕೊಂಡು ಬರೋ ತನಕಾ ಅಕಿ ತಡೀಲಿಲ್ಲ. ಆ ಐದ ದಿವಸ ಇನ್ನೂ ಜಾಸ್ತಿ ಎಳದಿದ್ರ ಅನ್ನೋ ವಿಚಾರ ಇವತ್ತೂ ಒಮ್ಮೊಮ್ಮೆ ರಾತ್ರಿ ಬರ್ತದ.

ಪಾಡ್ಯದ ದಿವಸ ಅದ ಲಿನಕ್ಸ್ ಲ್ಯಾಪ್‌ಟಾಪಿನ್ಯಾಗ ಅಣ್ಣನ ಮಗಾ ವಿಡಿಯೋ ಕಾಲ್ ಮಾಡಿದ್ದ. ಹತ್ತೊಂಬತ್ತು ವರ್ಷದ ಹುಡುಗ, ಮೀಸಿ ಬಂದಾವ. ಅವ್ವ ದೇವರಮನಿಯಿಂದ ನೀಲಿ ಫೋಟೋ ತಂದು ಕ್ಯಾಮೆರಾದ ಮುಂದ ಹಿಡದ್ಲು. "ಕಾಕಾ, ನಾ ಯಾಕ ಬ್ಲೂ ಇದ್ದೇನಿ?" ಅಂದಾ.

"ನಿಮ್ಮ ಮುತ್ತಜ್ಜಿನ್ನ ಕೇಳಬೇಕಿತ್ತಪಾ" ಅಂದೆ.