ಕೃಷ್ಣೆಯ ಹರಿಗೋಲು

ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದುಡಿದ ನಮಗೆ ಕೃಷ್ಣೆ ದಾಟುವುದೆಂದರೆ ಬಸ್ಸಿನ ಕಿಟಕಿಯಿಂದ ಹೊಳೆಗೆ ಕಾಸು ಎಸೆಯುವಷ್ಟು ಹೊತ್ತಿನ ಮಾತು. ಹಿಂದೆ ಹಾಗಿರಲಿಲ್ಲ. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನೊಡನೆ ಕಾದು ಸೋತ ಇಸ್ಮಾಯಿಲ್ ಆದಿಲ್‌ಶಾಹನ ಸೈನಿಕರಲ್ಲಿ ಎಷ್ಟೋ ಜನರನ್ನು ಈ ಹೊಳೆಯೇ ನುಂಗಿತೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ.

ಅದೇ ಕಾಲದಲ್ಲಿ ವಿಜಯನಗರಕ್ಕೆ ಬಂದ ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಯಸ್, ತುಂಗಭದ್ರೆಯ ಹರಿಗೋಲನ್ನು ವಿವರವಾಗಿ ವರ್ಣಿಸಿದ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುವ ನಡೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ನಡೆ ಮಾತ್ರ ಅದೇ. ತಳ ಚಪ್ಪಟೆಯಾದ್ದರಿಂದ ಬಂಡೆಗಳ ನಡುವಿನ ಆಳವಿಲ್ಲದ ನೀರಲ್ಲೂ ತೇಲುತ್ತದೆ; ಸೆಳವು ಜೋರಾಗಿದ್ದಾಗ ಜನ ಒಂದೇ ಬದಿಗೆ ವಾಲಿದರೆ ಮಗುಚುತ್ತದೆ.

1871ರಲ್ಲಿ ಮುಂಬಯಿ, ಮದ್ರಾಸುಗಳ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದವು. ಮುಂದೆ ನಿಜಾಮ ಸರ್ಕಾರ ದೇವಸೂಗೂರಿನ ಬಳಿ ಕಲ್ಲಿನ ಕಮಾನುಗಳ ಸೇತುವೆ ಕಟ್ಟಿಸಿತು. 1985ರಲ್ಲಿ ಅದೇ ದಂಡೆಯಲ್ಲಿ ನಮ್ಮ ಸ್ಥಾವರದ ಮೊದಲ ಘಟಕ ವಿದ್ಯುತ್ ಕೊಟ್ಟಿತು. ರೈಲಿಗೆ, ಲಾರಿಗೆ ದಾರಿಯಾಯಿತು. ಹೊಳೆಯ ನಡುಗಡ್ಡೆಯವರಿಗೆ ಮಾತ್ರ ಹರಿಗೋಲೇ ಉಳಿಯಿತು.

2020ರ ಆಗಸ್ಟ್‌ನಲ್ಲಿ, ತುಂಬಿದ ಹೊಳೆಯಲ್ಲಿ, ರಾಯಚೂರು ತಾಲ್ಲೂಕಿನ ಕುರ್ವಕಲಾ ನಡುಗಡ್ಡೆಯವರಿದ್ದ ಹರಿಗೋಲು ಮಗುಚಿತು. ತೆಲಂಗಾಣದ ದಂಡೆಗೆ ಸಂತೆ ಸಾಮಾನಿಗೆ ಹೋಗಿದ್ದವರಲ್ಲಿ ನಾಲ್ವರು ನೀರುಪಾಲಾದರು. ನಡುಗಡ್ಡೆಗೆ ಹಮ್ಮಿಕೊಂಡಿದ್ದ ಸೇತುವೆ ಆಗಿನ್ನೂ ಮುಗಿದಿರಲಿಲ್ಲ. ಅಂಥ ಸಾವನ್ನು ಹೊಳೆಯ ಲೆಕ್ಕಕ್ಕೆ ಬರೆಯುವುದು ನಮ್ಮಲ್ಲಿ ರೂಢಿ. ನಾನದನ್ನು ಮುಗಿಯದ ಸೇತುವೆಯ ಲೆಕ್ಕಕ್ಕೆ ಬರೆಯುತ್ತೇನೆ.