ಲಾರಿಯ ಪಟ್ಟೆಯಿಂದ ತೋಟದ ಕತ್ತಿಗೆ

ನಿಮ್ಮ ಸೊಂಟದ ಕೊಕ್ಕೆಯಲ್ಲಿರುವ ಕತ್ತಿಯನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಅದು ಊರಿನ ಆಚಾರಿಯ ಕೊಟ್ಯದಲ್ಲಿ ಹುಟ್ಟಿದ್ದಾದರೆ, ಹಿಂದೆ ಯಾವುದೋ ಲಾರಿಯ ಭಾರ ಹೊತ್ತ ಸ್ಪ್ರಿಂಗ್ ಪಟ್ಟೆಯೇ ಅದಾಗಿರಬಹುದು. ಆ ಪಟ್ಟೆ ನಮ್ಮ ತೋಟಕ್ಕೆ ಬಂದ ಬಗೆ ಕೇಳುವಂಥದ್ದುಂಟು.

ಹಿಂದೆ ಕಬ್ಬಿಣ ಸಿಗುತ್ತಿತ್ತು, ಉಕ್ಕು ದುರ್ಲಭ. ಮೆತ್ತಗಿನ ಕಬ್ಬಿಣವನ್ನು ಬಡಿದು, ಬಾಯಿಗೆ ಮಾತ್ರ ಒಂದು ತುಂಡು ಉಕ್ಕನ್ನು ಕೂರಿಸುತ್ತಿದ್ದರು. ಅದು ಸವೆದರೆ ಪುನಃ ಆಚಾರಿಯ ಬಾಗಿಲಿಗೆ. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಸವೆದ ಕಂಬಿಯ ತುಂಡು ಅಡಿಗಲ್ಲಾಗುವ ಕಾಲವೂ ಬಂತು. 1914ರಲ್ಲಿ ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಸೇತುವೆಯಾಯಿತು. ಮುಂದೆ ಮೋಟಾರು, ಲಾರಿ. ಚಾರ್ಮಾಡಿ, ಶಿರಾಡಿ ಘಾಟಿಯ ಗುಂಡಿಗಳಲ್ಲಿ ಪಟ್ಟೆ ಮುರಿಯದೆ ಇದ್ದೀತೇ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗ್ಯಾರೇಜುಗಳ ಹಿಂದೆ ಬಿದ್ದದ್ದು ಗುಜರಿಯವನಿಗೆ ಕಸ, ಆಚಾರಿಗೆ ಚಿನ್ನ. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಸರಕಾರ ಕಬ್ಬಿಣ ಉಕ್ಕಿನ ಮೇಲೆ ನಿಯಂತ್ರಣ ಹಾಕಿತು. ಹೊಸ ಮಾಲಿಗೆ ಪರವಾನಗಿ ಬೇಕಾದಾಗ ಹಳೆಯದಕ್ಕೆ ಮಾನ ಬಾರದೆ ಇರುವುದುಂಟೇ?

ಪಟ್ಟೆಯೇ ಯಾಕೆ ಅಂತೀರಾ? ಕಟ್ಟಡದ ಸಾದಾ ಕಬ್ಬಿಣದಲ್ಲಿ ಇಂಗಾಲ ನೂರಕ್ಕೆ ಸುಮಾರು 0.2 ಪಾಲು, ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಗಡಸಾಗದು. ಪಟ್ಟೆಯಲ್ಲಿ 0.5ರಿಂದ 0.6. ಅರದಲ್ಲಿ 1ಕ್ಕೂ ಮೇಲೆ. ಆದ್ದರಿಂದಲೇ ಸವೆದ ಅರ ಒಳ್ಳೆಯ ಉಳಿಯಾಗುತ್ತದೆ, ಆದರೆ ಬಗ್ಗಿಸಿದರೆ ಪಟ್ಟೆಂದು ಮುರಿಯುತ್ತದೆ. ಮರದ ಮಿಲ್ಲಿನ ಗರಗಸದ ತುಂಡು ಕಸಿ ಚಾಕುವಿಗೆ ಸೈ. ಲಾರಿಯ ಆಕ್ಸಲ್ ತುಂಡು ಸುತ್ತಿಗೆಗೆ.

ಆದರೆ ಉಕ್ಕಿಗಿಂತ ಹದ ದೊಡ್ಡದು. ಗೆರಟೆ ಇದ್ದಲಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕತ್ತಿಗೆ ಅಯಸ್ಕಾಂತ ಅಂಟುವುದು ನಿಂತಿತೆಂದರೆ ಬಿಸಿ 770 ಡಿಗ್ರಿ ದಾಟಿತು ಎಂದರ್ಥ. ಇನ್ನೂ ತುಸು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಆತುರಕ್ಕೆ ನೀರಿನಲ್ಲಿ ಅದ್ದಿದರೆ ಪಟ್ಟೆಯ ಉಕ್ಕು ಕೂದಲೆಳೆಯಷ್ಟು ಬಿರುಕು ಬಿಟ್ಟೀತು. ಅದು ಕಣ್ಣಿಗೆ ಕಾಣದು. ಅಡಿಕೆ ಮರದ ತುದಿಯಲ್ಲಿರುವವನ ಕೈಯಲ್ಲಿ ಮುರಿದಾಗ ಕಾಣುತ್ತದೆ, ಮಾರಾಯ್ರೇ! ಎಣ್ಣೆಯಿಂದ ತೆಗೆದ ಕತ್ತಿ ಗಾಜಿನ ಹಾಗೆ. ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಬೇಕು. ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಉಳಿಗೆ ಹುಲ್ಲಿನ ಬಣ್ಣ ಸಾಕು. ಕಡಿಯುವ ಕತ್ತಿಗೆ ನೇರಳೆಯವರೆಗೆ ಹೋಗುವುದು ಲೇಸೆಂದು ನನ್ನ ಮತ. ಮತ್ತೆ ಮನೆಯಲ್ಲಿ ಗ್ರೈಂಡರಿಗೆ ಒತ್ತಿ ಬಾಯಿ ನೀಲಿಯಾಗಿಸಿದರೆ ಆಚಾರಿಯ ಅಷ್ಟೂ ಶ್ರಮ ಹೊಳೆಯಲ್ಲಿ ಹುಣಸೆ.

ಹಳೆಯ ತುಳುನಾಡಿನ ಸಾಮಾನುಗಳನ್ನು ಬಿ.ಸಿ.ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಸಂಗ್ರಹಿಸಿಟ್ಟಿದ್ದಾರೆ, ಹೋಗಿ ನೋಡಿ. ಆದರೆ ಹದ ಹಾಕುವ ಕೈಯನ್ನು ಗಾಜಿನ ಕಪಾಟಿನಲ್ಲಿ ಇಡಲಿಕ್ಕಾಗದು. ನಿಮ್ಮ ಎಡಗೈಗೋ ಬಲಗೈಗೋ, ರಬ್ಬರಿಗೋ ಚಾಲಿ ಸುಲಿಯಲಿಕ್ಕೋ ಎಂದು ಕೇಳಿ ಬಡಿದುಕೊಡುವವನು ಆಚಾರಿ ಮಾತ್ರ. ಪೇಟೆಯ ಸಿದ್ಧಕತ್ತಿ ಅದನ್ನೆಲ್ಲ ಕೇಳುವುದಿಲ್ಲ.

ಅವನಲ್ಲಿಗೆ ಗುಜರಿ ಒಯ್ಯುವಾಗ ಸತು ಲೇಪದ ತುಂಡು ಬೇಡ. ಬೆಂಕಿಯಲ್ಲಿ ಅದರ ಹೊಗೆ ಕೆಟ್ಟದ್ದು. ಪಟ್ಟೆ ಮುರಿದ ಜಾಗದಿಂದ, ನಡುವಿನ ತೂತಿನಿಂದ ನಾಲ್ಕು ಬೆರಳು ಬಿಟ್ಟೇ ಕತ್ತರಿಸಲು ಹೇಳಿ. ನೇತುಹಾಕಿ ಬಡಿದರೆ ಗಂಟೆಯಂತೆ ನಾದ ಬರಬೇಕು. ಒಡಕು ಸದ್ದು ಬಂದರೆ ಬೇರೆ ಪಟ್ಟೆ ಹುಡುಕಿ.